ಮೂಲೆಗೆ ಬಾರದ ನೀರು

ನಮ್ಮ ಹೊಲಕ್ಕೆ ನೀರುಣಿಸುವ ಬೋರ್‌ವೆಲ್ ಇರುವುದು ನಮ್ಮ ಹೊಲದಲ್ಲಲ್ಲ. ಅದರ ಮೂಲೆಗೆ ಅಂಟಿಕೊಂಡ ಎಂಟು ಗುಂಟೆಯಲ್ಲಿ. ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮನ ಜೀವನಕ್ಕೆಂದು ಮನೆಯವರು ಬಿಟ್ಟುಕೊಟ್ಟ ಜಾಗ ಅದು. ನೀರು ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನನ್ನ ನಾಲ್ಕು ಎಕರೆಯನ್ನೂ ಸುತ್ತಿದ. ಕಾಯಿ ಎದ್ದು ನಿಂತದ್ದು ಮಾತ್ರ ಅವಳ ಮೂಲೆಯಲ್ಲಿ. ನನ್ನ ಮುಖ ಹುಳ್ಳಗಾದದ್ದು ನೋಡಿ ಅವಳೇ ಅಂದಳು, "ಕೊರ್ಸೋ ಮಗ. ನೀರಿಗೆ ನಿಂದು ನಂದು ಅಂತ ಐತೇನೋ?"

ನೀರು ಬಿದ್ದ ದಿನ ಗಂಗೆ ಪೂಜೆ ಮಾಡಿದೆವು. ಗಂಡನಿಲ್ಲದವಳು ಎಂದು ಅವಳನ್ನು ದೂರದ ಬೇವಿನ ಮರದ ಬುಡದಲ್ಲಿ ನಿಲ್ಲಿಸಿದರು. ನಿಲ್ಲಿಸಿದರು ಎನ್ನುವುದು ಸುಳ್ಳು, ಅಲ್ಲೇ ನಿಲ್ಲು ಎಂದವನು ನಾನೇ. ಅವಳ ನೆಲದಲ್ಲಿ, ಅವಳ ಕನಕಾಂಬರದ ಸಾಲು ತುಳಿದುಕೊಂಡು ನಾವು ಕಾಯಿ ಒಡೆದೆವು.

ಆ ಕನಕಾಂಬರವೇ ಅವಳ ಅನ್ನ. ತಾನು ಮುಡಿಯುವ ಹಾಗಿಲ್ಲದ ಹೂವನ್ನು ಬೆಳೆದು, ಕಟ್ಟಿ, ಜಾವಗಲ್ ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದಳು. ಬೋರಿನ ನೀರು ಮಣ್ಣಿನ ಕಾಲುವೆಯಲ್ಲಿ ಅವಳ ಸಾಲುಗಳನ್ನು ಹಾದು ನನ್ನ ಆಲೂಗಡ್ಡೆಗೆ ಹೋಗುತ್ತಿತ್ತು. ಅವಳು ಗುದ್ದಲಿಯಲ್ಲಿ ಕಾಲುವೆಯನ್ನು ಎರಡು ಕಡೆ ಒಡೆದು, ಗಿಡಕ್ಕೆ ಕುಡಿಸಿ, ಮತ್ತೆ ಮಣ್ಣು ಮುಚ್ಚುತ್ತಿದ್ದಳು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಆಮೇಲೆ ನನಗೆ ನೀರು ಉಳಿಸುವ ಬುದ್ಧಿ ಬಂತು. ಹಳೇಬೀಡಿನ ಕಡೆ ಒಂದು ಹೊಲದಲ್ಲಿ ನೋಡಿಕೊಂಡು ಬಂದು ನಾನೂ ನಟ್ಟನಡುವೆ ದೊಡ್ಡ ಜೆಟ್ ನಿಲ್ಲಿಸಿದೆ. ಅದು ಟಕಟಕ ಎಂದು ಸುತ್ತ ತಿರುಗುತ್ತ ಮಳೆಯ ಹಾಗೆ ನೀರೆರಚುತ್ತದೆ. ಕಾಲುವೆ ಮುಚ್ಚಿ ನೆಲದೊಳಗೆ ಪೈಪು ಹೂತೆ. ಒಂದು ಹನಿ ಸೋರುತ್ತಿರಲಿಲ್ಲ.

ಎಂಟನೇ ದಿನ ಚಿಕ್ಕಮ್ಮ ಬಂದಳು. "ಪೈಪಿಗೊಂದು ವಾಲ್ವ್ ಇಡ್ಸೋ. ಅರ್ಧ ಗಂಟೆ ಬಿಟ್ರೆ ಸಾಕು. ಗಿಡ ಬಾಡ್ತಾವೆ ಕಣೋ."

"ಪ್ರೆಶರ್ ಇಳಿತದೆ ಚಿಕ್ಕಮ್ಮ. ಜೆಟ್ ತಿರುಗಲ್ಲ."

"ಹಂಗಾರೆ ಜೆಟ್ಟನ್ನಾದ್ರೂ ಒಸಿ ನನ್ ಕಡಿಕ್ ತಿರುಗ್ಸು."

"ಅದು ರೌಂಡಾಗಿ ತಿರುಗೋದು, ಮೂಲೆಗೆ ಬರಲ್ಲ. ನಿನ್ ಜಾಗ ಮೂಲೇಲಿದ್ರೆ ನಾನೇನ್ ಮಾಡ್ಲಿ?"

ಅರ್ಧ ಗಂಟೆ ಜೆಟ್ ನಿಲ್ಲಿಸಿದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಅವಳು ಕೈಮುಗಿದು ಬೇಡಿದ್ದರೆ ಬಿಡುತ್ತಿದ್ದೆನೋ ಏನೋ. ಹಕ್ಕಿದ್ದವಳ ಹಾಗೆ ಕೇಳಿದಳು, ಹಕ್ಕು ಇದ್ದದ್ದೂ ನಿಜ, ಅದಕ್ಕೇ ನನ್ನ ಮೈ ಉರಿಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರಲ್ಲ, ಆ ಪೈಕಿ ನಾನು.

ಅವಳು ಊರ ನಲ್ಲಿಯಿಂದ ಕೊಡ ಹೊತ್ತು ತಂದು ಹುಯ್ದಳು. ಓಡುತ್ತಿದ್ದ ಬೋರಿನ ಪಕ್ಕದಲ್ಲೇ ಆ ಕೊಡ ಇಳಿಸಬೇಕಿತ್ತು. ಒಂದು ತಿಂಗಳು ಹೊತ್ತಳು, ಆಮೇಲೆ ಸೊಂಟ ಹಿಡಿಯಿತು. ಗಿಡ ಒಣಗಿ ಕಡ್ಡಿಯಾದವು. ಕಿತ್ತು ಒಲೆಗೆ ಒಯ್ದಳು. ಮುಂದಿನ ವಾರ ನಮ್ಮ ಹೊಲಕ್ಕೇ ಕೂಲಿಗೆ ಬರಲೇ ಎಂದು ಕೇಳಿದಳು. ಕಳೆ ಕೀಳಲು ಆಳು ಸಿಗದ ಕಾಲ, ಬಾ ಎಂದೆ. ಒಳ್ಳೆಯ ಆಳು ಸಿಕ್ಕಿದಳೆಂದು ಖುಷಿಯೂ ಪಟ್ಟೆ.

ಒಂದು ಬೆಳಿಗ್ಗೆ ಬಾಣಾವರದ ಕಡೆಯ ರೈತರು ಜೆಟ್ ನೋಡಲು ಬಂದರು. ನೀರು ಉಳಿಸುವುದು ಹೇಗೆಂದು ನಾನು ಭಾಷಣ ಬಿಗಿಯುತ್ತಿದ್ದೆ. ಒಬ್ಬರು ಕೇಳಿದರು, "ಮೂಲೇಲಿರೋ ಬೋರ್ ಯಾರ್ದು?"

ಕಳೆಯ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದ ಚಿಕ್ಕಮ್ಮ ನಾನು ಬಾಯಿ ತೆರೆಯುವ ಮೊದಲೇ ಅಂದಳು, "ಅವ್ರದೇ ಕಣ್ರೀ. ನಾನು ಕೂಲಿಯೋಳು."

ರೈತರು ಹೋದ ಮೇಲೆ, "ಹಂಗ್ಯಾಕಂದೆ ಚಿಕ್ಕಮ್ಮ?" ಎಂದೆ.

"ಯಾವ ಸಾಲಿಂದ ಕೀಳ್ಬೇಕು, ಹೇಳಿ," ಎಂದಳು.

ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಹುಟ್ಟಿದಾಗಿನಿಂದ ಹೋಗೋ ಬಾರೋ ಎಂದವಳು. ಆ ದಿನದಿಂದ ಇವತ್ತಿನವರೆಗೆ ನನ್ನನ್ನು ಏಕವಚನದಲ್ಲಿ ಕರೆದಿಲ್ಲ.