ಸಿಸಿಲಿಯಾ ಬಾಯಿ ಬರೆದ ಸುತ್ತುಗಳು

ಊಟ ಮುಗಿಸಿ ಕೈ ತೊಳೆದು ಬಂದ ನೆಂಟರು ಸೋಫಾದಲ್ಲಿ ಇನ್ನೂ ಸರಿಯಾಗಿ ಕೂತಿರುವುದಿಲ್ಲ, ಅಷ್ಟರಲ್ಲಿ ಎಮ್ಯಾನುವೆಲ್ ಮಥಾಯಸ್ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದ ಅವರ ಹೆಂಡತಿ ಸಿಸಿಲಿಯಾ ಬಾಯಿಗೆ ಆ ಸದ್ದು ಕೇಳಿದರೆ ಸಾಕು, ಮೈ ಉರಿಯುತ್ತಿತ್ತು. ಇನ್ನು ಬರುವುದು ತೊಂಬತ್ತೇಳರ ಅಕ್ಟೋಬರಿನ ರೇಸು. ಇಂಗ್ಲಿಷರ ನಾಡಿನ ಟೂಟಿಂಗ್‌ನ ಆ ಪುಟ್ಟ ಮನೆಗೆ ಕಾಲಿಟ್ಟ ಯಾರೂ ಆ ರೇಸಿನಿಂದ ಪಾರಾಗಿ ಹೋದದ್ದಿಲ್ಲ. ಹತ್ತು ವರ್ಷಗಳಲ್ಲಿ ಕತೆ ಉದ್ದವಾಗಿತ್ತು, ಹೊಗೆ ದಟ್ಟವಾಗಿತ್ತು, ಡಿಕ್ಕಿ ಹೊಡೆದುಕೊಂಡ ಕಾರುಗಳು ಎರಡಿದ್ದದ್ದು ಐದಾಗಿದ್ದವು. ಕೊನೆಯ ಮಾತು ಮಾತ್ರ ಬದಲಾಗಿರಲಿಲ್ಲ.

"ಮೂರನೇ ಬಂದೆ ಮಾರಾಯ್ರೆ. ನಲವತ್ತಾರನೇ ವಯಸ್ಸಿಗೆ, ಮೊದಲ ಸಲ ಓಡಿಸಿದ್ದು."

"ಒಂಬತ್ತನೇ," ಎಂದು ಅಡುಗೆಮನೆಯಿಂದ ದನಿ ಬರುತ್ತಿತ್ತು.

ಎಲ್ಲರೂ ನಗುತ್ತಿದ್ದರು. ಎಮ್ಯಾನುವೆಲ್ಲರೂ ನಗುತ್ತಿದ್ದರು. ಸಿಸಿಲಿಯಾ ಬಾಯಿಯ ಪಿತ್ತ ನೆತ್ತಿಗೇರುತ್ತಿದ್ದದ್ದು ಆ ನಗುವಿಗೆ. ಸುಳ್ಳು ಹೇಳಿ ಸಿಕ್ಕಿಬಿದ್ದವರು ನಾಚಿಕೊಳ್ಳಬೇಕು, ಇಲ್ಲವೇ ವಾದಕ್ಕೆ ನಿಲ್ಲಬೇಕು. ಈ ಮನುಷ್ಯ ಎರಡನ್ನೂ ಮಾಡದೆ ಹಲ್ಲು ಬಿಟ್ಟುಕೊಂಡು ಕೂತಿರುತ್ತಾರೆ, ಮುಂದಿನ ತಿಂಗಳು ಬೇರೆ ನೆಂಟರ ಮುಂದೆ ಮತ್ತೆ ಮೂರನೇ ಎನ್ನುತ್ತಾರೆ.

ಒಂಬತ್ತನೇ ಎಂದು ಅಷ್ಟು ಖಡಾಖಂಡಿತವಾಗಿ ಹೇಳಲು ಆಕೆಗೆ ಅಧಿಕಾರವಿತ್ತು. ಆ ದಿನ ಸುತ್ತುಗಳನ್ನು ಬರೆದವರೇ ಸಿಸಿಲಿಯಾ ಬಾಯಿ.

ಮನೆಯಿಂದ ಬಸ್ಸಿನಲ್ಲಿ ಕಾಲು ಗಂಟೆ ಹೋದರೆ ಒಂದು ನಾಯಿ ಓಟದ ಸ್ಟೇಡಿಯಂ. ಆದಿತ್ಯವಾರ ಸಂಜೆ ನಾಯಿಗಳಿಗೆ ರಜೆ, ಕಾರುಗಳ ಸರದಿ. ಅವನ್ನು ಕಾರು ಎಂದು ಕರೆಯಲು ಸಿಸಿಲಿಯಾ ಬಾಯಿಗೆ ಮನಸ್ಸೇ ಬರುತ್ತಿರಲಿಲ್ಲ. ಮಡ್‌ಗಾರ್ಡ್ ಇಲ್ಲ, ನಾಲ್ಕೂ ಚಕ್ರ ಹೊರಗೆ, ನಡುವೆ ಒಬ್ಬ ಮನುಷ್ಯ, ಸುತ್ತ ಕಬ್ಬಿಣದ ಬಂಪರು. ಮೊಟ್ಟೆಯಾಕಾರದ ಸಣ್ಣ ಟ್ರ್ಯಾಕಿನಲ್ಲಿ ಇಪ್ಪತ್ತು ಕಾರುಗಳು ಗಿರಗಿರ ತಿರುಗುತ್ತವೆ. ಒಬ್ಬರು ಇನ್ನೊಬ್ಬರನ್ನು ಗುದ್ದಿ ದಾರಿ ಮಾಡಿಕೊಳ್ಳುವುದು ಇಲ್ಲಿ ತಪ್ಪಲ್ಲ, ಜಾಣತನ. ಎಲ್ಲರಿಗಿಂತ ಚೆನ್ನಾಗಿ ಓಡಿಸುವವರನ್ನು ಎಲ್ಲರ ಹಿಂದೆ ನಿಲ್ಲಿಸುತ್ತಾರೆ, ಹೊಸಬರನ್ನು ಎದುರಿಗೆ. ಬಸ್ ಡಿಪೋದಲ್ಲಿ ವಾರವಿಡೀ ಎಂಜಿನ್ನುಗಳೊಳಗೆ ತಲೆ ಹಾಕಿಕೊಂಡಿರುವ ಗಂಡ, ಇರುವ ಒಂದು ರಜೆಯಲ್ಲೂ ಎಂಜಿನ್ ಸದ್ದು ಕೇಳಲು ಓಡುವುದೆಂದರೆ ಏನು ಹೇಳುವುದು? ಹತ್ತಿಯನ್ನು ಕಿವಿಗೆ ತುರುಕಿಕೊಂಡು ಆಕೆಯೂ ಹೋಗುತ್ತಿದ್ದರು. ಇಲ್ಲವಾದರೆ ಇಬ್ಬರೂ ಒಟ್ಟಿಗೆ ಹೊರಗೆ ಹೋಗುವುದೇ ಇರಲಿಲ್ಲ.

ಸಿಸಿಲಿಯಾ ಬಾಯಿಯ ತಂದೆ ಕಾರ್ಕಳ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದವರು. ಎರಡು ನಿಮಿಷ ಹಿಂದೆ ಬರೆಯಿರಿ ಎಂದು ಡ್ರೈವರುಗಳು ಕಾಲು ಹಿಡಿದರೂ ಬರೆಯದವರು. ಮಧ್ಯಾಹ್ನ ಬುತ್ತಿ ಕೊಂಡುಹೋಗುತ್ತಿದ್ದ ಮಗಳು ಅವರು ಉಣ್ಣುವಷ್ಟು ಹೊತ್ತು ಬಸ್ಸಿನ ನಂಬರು, ಹೊತ್ತು ಬರೆಯುತ್ತಿದ್ದಳು. ಆ ಅಭ್ಯಾಸ ಹೋಗಿರಲಿಲ್ಲ. ತೊಂಬತ್ತಮೂರರ ಒಂದು ಸಂಜೆ ಬೇಸರ ಕಳೆಯಲು ಆಕೆ ಕೈಯಲ್ಲಿದ್ದ ಹಾಳೆಯ ಅಂಚಿನಲ್ಲಿ ಹಾದುಹೋಗುವ ಕಾರುಗಳ ನಂಬರು ಗೀಚುತ್ತ ಕೂತಿದ್ದರು. ಮೈಕಿನಲ್ಲಿ ಫಲಿತಾಂಶ ಬಂತು. "ಐದನೆಯದ್ದು ತಪ್ಪು," ಎಂದರು. ಎಮ್ಯಾನುವೆಲ್ ಹಾಳೆಯನ್ನು ಕಿತ್ತುಕೊಂಡು ನೇರ ಅಧಿಕಾರಿಗಳ ಗಾಜಿನ ಕೋಣೆಗೇ ನಡೆದರು. ನೋಡಿದರೆ ಆಕೆಯದೇ ಸರಿ. ಮುಂದಿನ ವಾರದಿಂದ ಆ ಕೋಣೆಯಲ್ಲಿ ಒಂದು ಕುರ್ಚಿ ಸಿಸಿಲಿಯಾ ಬಾಯಿಗೆ.

ಕೆಲಸ ಹೇಳಲು ಸುಲಭ. ಸುತ್ತಿಗೊಂದು ಸಾಲು, ಗೆರೆ ದಾಟಿದ ಕ್ರಮದಲ್ಲಿ ನಂಬರು ಬರೆಯಬೇಕು. ಆದರೆ ಒಂದು ಸುತ್ತಿಗೆ ಹದಿನೈದೋ ಹದಿನಾರೋ ಸೆಕೆಂಡು, ನಂಬರುಗಳು ಇಪ್ಪತ್ತು. ಕಣ್ಣು ಟ್ರ್ಯಾಕಿನ ಮೇಲೆ, ಕೈ ಹಾಳೆಯ ಮೇಲೆ. ಪಕ್ಕದಲ್ಲಿ ಇನ್ನೊಬ್ಬಳು ಬರೆಯುತ್ತಿದ್ದಳು, ಎರಡನ್ನೂ ಹೋಲಿಸುತ್ತಿದ್ದರು. ತಪ್ಪು ಇರುತ್ತಿದ್ದದ್ದು ಯಾವಾಗಲೂ ಅವಳದ್ದರಲ್ಲಿ.

ವಾರದ ದಿನಗಳಲ್ಲಿ ಸಿಸಿಲಿಯಾ ಬಾಯಿ ಒಂದು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿದ್ದರು. ಹದಿನಾಲ್ಕು ವರ್ಷವಾದರೂ ಅಲ್ಲಿನ ಮೇಲ್ವಿಚಾರಕಿಗೆ ಆಕೆಯ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಆದಿತ್ಯವಾರ ಮಾತ್ರ ಕೈತುಂಬ ಹಚ್ಚೆಯ ದಾಂಡಿಗರು ಗಾಜಿನ ಕೋಣೆಯ ಮೆಟ್ಟಿಲ ಕೆಳಗೆ ಹೆಲ್ಮೆಟ್ ಹಿಡಿದು, ಮಿಸೆಸ್ ಮಥಾಯಸ್ ಏನು ಬರೆದಿದ್ದಾರೆ ಎಂದು ಕಾಯುತ್ತಿದ್ದರು. ಫಲಿತಾಂಶ ಒಪ್ಪದಿದ್ದರೆ ಅರ್ಧ ಗಂಟೆಯೊಳಗೆ ದೂರು ಕೊಡಬಹುದಿತ್ತು. ಕೊಟ್ಟವರೆಲ್ಲ ಸೋತಿದ್ದರು. ಧೂಳು, ಹೊಗೆ, ಹುಚ್ಚರ ಸಂತೆ ಎಂದು ಪ್ರತಿ ವಾರವೂ ಗೊಣಗುತ್ತಿದ್ದ ಆಕೆ ನಾಲ್ಕು ಗಂಟೆಗೇ ಪೆನ್ಸಿಲುಗಳನ್ನು ಕೆತ್ತಿ ಬಾಗಿಲ ಬಳಿ ನಿಂತಿರುತ್ತಿದ್ದರು.

ತೊಂಬತ್ತೇಳರ ಅಕ್ಟೋಬರಿನಲ್ಲಿ, ಡಿಪೋದ ಗೆಳೆಯರು ಸೇರಿ ಕಟ್ಟಿದ್ದ ಕಾರನ್ನು ಓಡಿಸುತ್ತಿದ್ದ ಶೇನ್ ಎಂಬವನು ಮಣಿಕಟ್ಟು ಮುರಿದುಕೊಂಡ. ಅವನ ಬದಲು ನಾನು ಕೂರುತ್ತೇನೆ ಎಂದರು ಎಮ್ಯಾನುವೆಲ್. ಸಿಸಿಲಿಯಾ ಬಾಯಿ ಮೂರು ದಿನ ಮಾತು ಬಿಟ್ಟರು. ಆ ಆದಿತ್ಯವಾರ ಜೊತೆಗೆ ಬರೆಯುವವಳು ಜ್ವರವೆಂದು ಬರಲಿಲ್ಲ. ಗಂಡ ಟ್ರ್ಯಾಕಿನಲ್ಲಿರುವಾಗ ಒಬ್ಬರೇ ಬರೆಯಬಲ್ಲಿರಾ ಎಂದು ಮುಖ್ಯಾಧಿಕಾರಿ ಕೇಳಿದಾಗ, ನನ್ನ ಅಪ್ಪನೇ ಓಡಿಸಿದರೂ ಇದ್ದದ್ದನ್ನೇ ಬರೆಯುತ್ತೇನೆ ಎಂದಿದ್ದರು. ಹದಿನಾರು ಸುತ್ತಿನ ಓಟ. ಎಮ್ಯಾನುವೆಲ್ ಅವರ ಇನ್ನೂರ ಅರವತ್ತೆಂಟನೇ ನಂಬರಿನ ಕಾರು ಹಾಳೆಯಲ್ಲಿ ಒಂಬತ್ತನೆಯದಾಗಿ ಬಂತು. ಕೈಕಾಲು ನೆಟ್ಟಗಿರುವಾಗ ಅದಕ್ಕಿಂತ ಇನ್ನೇನು ಬೇಕು?

ಎರಡು ಸಾವಿರದ ಒಂದರಲ್ಲಿ ಕಾರುಗಳಿಗೆ ಪೆಟ್ಟಿಗೆಯಂಥ ಯಂತ್ರ ಕಟ್ಟಿದರು, ಸುತ್ತುಗಳನ್ನು ಕಂಪ್ಯೂಟರು ಎಣಿಸತೊಡಗಿತು. ಒಂದು ಹೂಗುಚ್ಛ ಕೊಟ್ಟು ಸಿಸಿಲಿಯಾ ಬಾಯಿಯನ್ನು ಮನೆಗೆ ಕಳಿಸಿದರು. ಎಂಟು ವರ್ಷಗಳ ಹಾಳೆಗಳನ್ನು ಆಕೆ ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿಟ್ಟರು. ಎರಡು ಸಾವಿರದ ಏಳರಲ್ಲಿ, ಹಿಂದೆ ಮೈಕಿನಲ್ಲಿ ಕೂಗುತ್ತಿದ್ದ ಸ್ಟೀವನ್ ಎಂಬ ಇಂಗ್ಲಿಷಿನವನು ಹುಡುಕಿಕೊಂಡು ಬಂದ. ಸ್ಟೇಡಿಯಮ್ಮಿನ ರೇಸುಗಳ ಬಗ್ಗೆ ಪುಸ್ತಕ ಮಾಡುತ್ತಿದ್ದ. ಆ ಎಂಟು ವರ್ಷಗಳ ಫಲಿತಾಂಶವನ್ನು ಆಕೆಯ ಹಾಳೆಗಳಿಂದಲೇ ಅಚ್ಚು ಹಾಕಿಸುತ್ತೇನೆ, ಮೊದಲ ಪುಟದಲ್ಲಿ ಹೆಸರೂ ಇರುತ್ತದೆ ಎಂದ. ಸಿಸಿಲಿಯಾ ಬಾಯಿ ಅಂದು ಒಳ್ಳೆಯ ಕಪ್ಪುಗಳಲ್ಲಿ ಚಹಾ ಕೊಟ್ಟರು.

"ತೊಂಬತ್ತೇಳರ ಅಕ್ಟೋಬರ್, ನಾನು ಮೂರನೇ," ಎಂದು ಎಮ್ಯಾನುವೆಲ್ ಅವನಿಗೂ ಶುರುಮಾಡಿದರು.

ಆಕೆ ಚಹಾದ ಕೆಟಲನ್ನು ಕುಕ್ಕಿ ಇಟ್ಟರು. ಆ ಮನೆಯಲ್ಲಿ ಪ್ರಾರ್ಥನೆಗೆ ಕೊಂಕಣಿ, ಕೌನ್ಸಿಲ್ಲಿಗೂ ಡಾಕ್ಟರಿಗೂ ಇಂಗ್ಲಿಷು. ಜಗಳ ಮಾತ್ರ ಇಬ್ಬರೂ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ.

"ನಿಮಗೆ ಮಂಡೆ ಸಮ ಉಂಟಾ? ನೆಂಟರ ಹತ್ರ ಬಡಾಯಿ ಕೊಚ್ಚಿದ್ದು ಸಾಕಾಗ್ಲಿಲ್ವಾ? ಪುಸ್ತಕದಲ್ಲೂ ಸುಳ್ಳು ಬರೆಸ್ಬೇಕಾ?"

"ಆಯ್ತು ಮಾರಾಯ್ತಿ. ಒಂಬತ್ತೇ ಹಾಕ್ಲಿ, ಬಿಡು."

"ಬಿಡುದೆಂತ? ಹತ್ತು ವರ್ಷದಿಂದ ನನ್ನ ಜೀವ ತೆಗೀತಾ ಇದ್ದೀರಿ. ಇವತ್ತು ಇದಕ್ಕೊಂದು ಗತಿ ಕಾಣಿಸ್ತೇನೆ."

ಜಗಳದ ಕಾರಣವನ್ನು ಆಕೆ ಸ್ಟೀವನ್‌ಗೆ ಇಂಗ್ಲಿಷಿನಲ್ಲಿ ಹೇಳಿದರು. ಆ ಕಾಲದಲ್ಲಿ ಕಾರ್ ಪಾರ್ಕಿನಲ್ಲಿ ಒಬ್ಬ ರೇಸುಗಳ ವಿಡಿಯೋ ಮಾರುತ್ತಿದ್ದ. ಅವನ ಟೇಪುಗಳೆಲ್ಲ ಈಗ ತನ್ನ ಬಳಿ ಇವೆ, ಆ ರೇಸಿನದ್ದನ್ನು ಹುಡುಕಿ ಕಳಿಸುತ್ತೇನೆ ಎಂದ ಸ್ಟೀವನ್. "ಬೇಡ, ಸುಮ್ನೆ ತೊಂದರೆ," ಎಂದರು ಎಮ್ಯಾನುವೆಲ್. ನಗು ಇರಲಿಲ್ಲ. ಕೊನೆಗೂ ಹೆದರಿದರು ಎಂದು ಸಿಸಿಲಿಯಾ ಬಾಯಿಗೆ ಖುಷಿಯಾಯಿತು.

ಶನಿವಾರ ಬೆಳಿಗ್ಗೆ ಟೇಪು ಬಂತು. ಎಮ್ಯಾನುವೆಲ್ ಹಿತ್ತಲಿನ ಬೇಲಿ ಸರಿಮಾಡುವ ನೆವದಲ್ಲಿ ಹೊರಗೆ ಹೋದರು. ಮಗಳು ಜೋಯ್ಲಿನ್ ರಿಮೋಟು ಹಿಡಿದಳು. ಸಿಸಿಲಿಯಾ ಬಾಯಿ ಹೊಸ ಹಾಳೆಯಲ್ಲಿ ಗೆರೆ ಎಳೆದು, ಕನ್ನಡಕ ಹಾಕಿ ಕೂತರು. ಹತ್ತು ಸುತ್ತು ಬರೆದರು. ಹಳೆಯ ಹಾಳೆಗೂ ಇದಕ್ಕೂ ಒಂದು ಅಂಕೆಯ ವ್ಯತ್ಯಾಸವಿರಲಿಲ್ಲ. ಕೈ ಇನ್ನೂ ಓಡುತ್ತದಲ್ಲ ಎಂದು ಒಳಗೊಳಗೇ ಬೀಗಿದರು.

ಹನ್ನೊಂದನೆಯ ಸುತ್ತಿನಲ್ಲಿ ಎರಡು ಕಾರುಗಳು ಒಂದಕ್ಕೊಂದು ಸಿಕ್ಕಿಕೊಂಡು, ಗಾಜಿನ ಕೋಣೆಯ ಕೆಳಗೇ ಬೇಲಿಗೆ ಅಪ್ಪಳಿಸಿದವು. ಒಂದು ಚಕ್ರ ಕಿತ್ತು ಹಾರಿತು. ಹೊಗೆಯೆದ್ದಿತು. ಅವುಗಳ ಬೆನ್ನಿಗೇ ಬರುತ್ತಿದ್ದ ಬಿಳಿ ಕಾರು ನೇರ ಆ ಹೊಗೆಯೊಳಗೆ ನುಗ್ಗಿ, ಈಚೆ ಬಂದು, ಗೆರೆ ದಾಟಿತು. ಇನ್ನೂರ ಅರವತ್ತೆಂಟು. ಮೂರನೆಯದು.

"ನಿಲ್ಲಿಸು. ಹಿಂದೆ ಹಾಕು."

ಹಳೆಯ ಹಾಳೆಯ ಹನ್ನೊಂದನೇ ಸಾಲಿನಲ್ಲಿ ಆ ನಂಬರು ಇರಲಿಲ್ಲ. ಡಿಕ್ಕಿಯಾಗಿ ಸಾಲೆಲ್ಲ ಕಲಸಿಹೋದ ಸುತ್ತದು. ಮುಂದಿನ ಸುತ್ತಿನಲ್ಲಿ ಕಾರು ಕಂಡಾಗ, ಇವರೂ ಎಲ್ಲೋ ಸಿಕ್ಕಿಕೊಂಡು ನಿಂತು ಬಂದರು ಎಂದುಕೊಂಡು ಆಕೆ ಮುಂದೆ ಬರೆದಿದ್ದರು. ಕೊನೆಯ ತನಕ ಮೂರನೆಯವರಾಗಿಯೇ ಓಡಿದವರು ಒಂದು ಸುತ್ತು ಕಮ್ಮಿಯಾದದ್ದಕ್ಕೆ ಹಾಳೆಯಲ್ಲಿ ಒಂಬತ್ತನೆಯವರಾಗಿದ್ದರು.

"ಮಮ್ಮಿ," ಎಂದಳು ಜೋಯ್ಲಿನ್. "ಈಸ್ ದಟ್ ಯೂ?"

ಪರದೆಯ ಮೇಲಂಚಿನಲ್ಲಿ ಗಾಜಿನ ಕೋಣೆ ಕಾಣುತ್ತಿತ್ತು. ಒಳಗೆ ಬಿಳಿ ಸ್ವೆಟರಿನ ಹೆಂಗಸೊಬ್ಬಳು ಕಣ್ಣು ಮುಚ್ಚಿ ಕೂತಿದ್ದಳು. ಪೆನ್ಸಿಲು ಹಿಡಿದ ಅವಳ ಬಲಗೈ ಹಣೆಗೆ ಹೋಯಿತು, ಎದೆಗೆ ಬಂತು, ಎಡ ಭುಜ, ಬಲ ಭುಜ. ಶಿಲುಬೆಯ ಗುರುತು ಮುಗಿಯುವಷ್ಟರಲ್ಲಿ ಬಿಳಿ ಕಾರು ಗೆರೆ ದಾಟಿ ಹೋಗಿತ್ತು.

ಸಿಸಿಲಿಯಾ ಬಾಯಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎಷ್ಟು ಮಂದಿಯ ಎದುರು, ಎಷ್ಟು ಸಲ ಒಂಬತ್ತನೇ ಎಂದು ಕೂಗಿದ್ದರು! ಚಪ್ಪಲಿ ಹಾಕದೆ ಹಿತ್ತಲಿಗೆ ನಡೆದರು.

"ನಿಮಗೆ ಗೊತ್ತಿತ್ತಾ?"

ಎಮ್ಯಾನುವೆಲ್ ಸುತ್ತಿಗೆ ಕೆಳಗಿಟ್ಟರು. "ಓಡಿಸಿದ್ದು ನಾನಲ್ವಾ? ಎದುರು ಎಷ್ಟು ಕಾರು ಉಂಟು ಅಂತ ಗೊತ್ತಾಗುದಿಲ್ವಾ?"

"ಹಾಗಾದ್ರೆ ದೂರು ಯಾಕೆ ಕೊಡ್ಲಿಲ್ಲ? ಅರ್ಧ ಗಂಟೆ ಇತ್ತು!"

"ಕೊಟ್ಟಿದ್ರೆ ನಿನ್ನ ಕೈಯಲ್ಲಿ ಮತ್ತೆ ಪೆನ್ಸಿಲ್ ಕೊಡ್ತಿದ್ರಾ? ಸ್ವಂತ ಗಂಡನ ಸುತ್ತೇ ಬಿಟ್ಟವಳು ಅಂತ ಮರುದಿನವೇ ಮನೆಗೆ ಕಳಿಸ್ತಿದ್ರು. ಆಸ್ಪತ್ರೆಗೆ ಹೋಗುವಾಗ ನೀನು ನೆಲ ನೋಡಿಕೊಂಡು ಹೋಗ್ತಿ. ಆ ಮೆಟ್ಟಿಲು ಹತ್ತುವಾಗ ಹಾಗಲ್ಲ. ನಾನು ನೋಡಿದ್ದೇನೆ."

"ನನ್ನ ಹತ್ರ ಆದ್ರೂ ಹೇಳ್ಬಹುದಿತ್ತಲ್ಲ ಮಾರಾಯ್ರೆ! ಹತ್ತು ವರ್ಷ ನಿಮ್ಮನ್ನು ಸುಳ್ಳ ಮಾಡಿದೆ, ಎಲ್ಲರ ಎದುರು."

"ಹೇಳಿದ್ರೆ ನೀನೇ ಹೋಗಿ ಅವರಿಗೆ ಹೇಳ್ತಿದ್ದಿ. ನಿನ್ನ ಅಪ್ಪನ ಮಗಳಲ್ವಾ ನೀನು?"

ಅದು ನಿಜ. ನಿಜವಾದದ್ದರಿಂದಲೇ ಆಕೆಗೆ ಇನ್ನಷ್ಟು ಸಿಟ್ಟು ಬಂತು. ಈ ಮನುಷ್ಯನ ಮೇಲೆ ಕೋಪ ಮಾಡಿಕೊಳ್ಳಲೂ ನೆಟ್ಟಗೆ ಬಿಡುವುದಿಲ್ಲವಲ್ಲ ಎಂದು ಅಳು ಬಂತು. ಒಳಗೆ ಹೋಗಿ ಫೋನು ತೆಗೆದರು. "ಬೇಡ ಸಿಸಿಲ್, ಪುಸ್ತಕದಲ್ಲಿ ನಿನ್ನ ಹೆಸರು ಬರ್ತದೆ," ಎನ್ನುತ್ತ ಎಮ್ಯಾನುವೆಲ್ ಹಿಂದೆಯೇ ಬಂದರು. ಆಕೆ ಕೇಳಲಿಲ್ಲ. ಮೂರನೇ ಎಂದು ತಿದ್ದಬೇಕು, ಕೆಳಗೆ ಸುತ್ತು ಬರೆದವರ ತಪ್ಪು ಎಂದು ತನ್ನ ಹೆಸರು ಹಾಕಿ ಅಚ್ಚು ಮಾಡಬೇಕು ಎಂದು ಸ್ಟೀವನ್‌ಗೆ ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟೆಲ್ಲ ಬೇಕಿಲ್ಲ ಎಂದ ಅವನು. ಬೇಕು ಎಂದರು. ಮಿಸೆಸ್ ಮಥಾಯಸ್ ತಪ್ಪಿದ್ದು ಹೇಗೆ ಎಂದು ಅವನಿಗೆ ಕುತೂಹಲ.

"ನನ್ನ ಗಂಡ ಸತ್ತರು ಅಂದುಕೊಂಡೆ," ಎಂದರು ಸಿಸಿಲಿಯಾ ಬಾಯಿ. "ಕಣ್ಣು ಮುಚ್ಚಿ ದೇವರನ್ನು ಕರೆಯುತ್ತಿದ್ದೆ. ಬರೆಯಲಿಲ್ಲ."

ಫೋನು ಇಟ್ಟು ತಿರುಗಿದರೆ ಎಮ್ಯಾನುವೆಲ್ ಬಾಗಿಲಿಗೆ ಒರಗಿ ನಿಂತಿದ್ದರು.

"ನಾನು ಬೇರೆ ಎಣಿಸಿದ್ದೆ," ಎಂದರು ನಿಧಾನವಾಗಿ. "ಇಪ್ಪತ್ತು ಕಾರಲ್ಲಿ ನಿನಗೆ ನನ್ನದೊಂದು ಕಾಣ್ಲೇ ಇಲ್ಲ ಅಂತ. ಅದಕ್ಕೇ ಆ ಕತೆ ಹೇಳ್ತಾ ಇದ್ದದ್ದು. ಒಂದು ದಿನವಾದ್ರೂ ನೀನು, ಹೌದು, ಹೊಗೆಯಿಂದ ಬಂದದ್ದು ನೋಡಿದ್ದೆ ಅಂತೀಯೋ ಅಂತ."



ಎಮ್ಯಾನುವೆಲ್ ಸೋಫಾದಲ್ಲಿ ಕೂತು ಜೋಯ್ಲಿನ್ ಕೈಯಿಂದ ರಿಮೋಟು ತೆಗೆದುಕೊಂಡರು. ಟೇಪು ಹಿಂದೆ ಹೋಯಿತು, ಮುಂದೆ ಬಂತು. ಕಾರುಗಳು ಬೇಲಿಗೆ ಅಪ್ಪಳಿಸಿದವು, ಬಿಳಿ ಕಾರು ಹೊಗೆಯಿಂದ ಹೊರಬಂತು. ಅವರು ಮತ್ತೆ ಹಿಂದೆ ಹಾಕಿದರು. ಮತ್ತೆ. ಐದನೇ ಸಲಕ್ಕೆ ಸಿಸಿಲಿಯಾ ಬಾಯಿಗೆ ತಡೆಯಲಾಗಲಿಲ್ಲ.

"ಸಾಕು ಮಾರಾಯ್ರೆ, ಟೇಪು ಹಾಳಾಗ್ತದೆ. ಮೂರನೇ ಬಂದದ್ದು ಅಂತ ಆಯ್ತಲ್ಲ, ನಿಮ್ಮ ಕಾರನ್ನು ಇನ್ನೆಷ್ಟು ಸಲ ನೋಡ್ತೀರಿ?"

"ಕಾರನ್ನು ಯಾರು ನೋಡ್ತಾರೆ?" ಎಂದು ಎಮ್ಯಾನುವೆಲ್ ಪರದೆಯ ಮೇಲಂಚಿಗೆ ಬೆರಳು ತೋರಿಸಿ, ಬಿಳಿ ಸ್ವೆಟರಿನ ಹೆಂಗಸು ಹಣೆಗೆ ಕೈ ಒಯ್ಯುವಲ್ಲಿ ಟೇಪು ನಿಲ್ಲಿಸಿದರು.