ಯೋರ್ಗ್ ನೇಗೆಲೆಯ ಮನೆಮುಂದಿನ ತಿಪ್ಪೆ

ಯೋರ್ಗ್ ನೇಗೆಲೆ ಜೀವಮಾನದಲ್ಲಿ ಆಸೆಪಟ್ಟದ್ದು ಒಂದೇ ಒಂದಕ್ಕೆ: ಮನೆಯ ಮುಂದೆ ಎದೆಮಟ್ಟದ ಒಂದು ತಿಪ್ಪೆ. ಇದನ್ನು ಕೇಳಿ ನಗುವವರು ಜರ್ಮನಿಯ ಸ್ವಾಬಿಯಾ ಸೀಮೆಯಲ್ಲಿ ಹುಟ್ಟಿದವರಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅಲ್ಲಿ ಮನುಷ್ಯನ ಯೋಗ್ಯತೆ ಅಳೆಯುತ್ತಿದ್ದದ್ದೇ ತಿಪ್ಪೆಯಿಂದ. ತಿಪ್ಪೆ ದೊಡ್ಡದಿದ್ದರೆ ಕೊಟ್ಟಿಗೆ ತುಂಬಿದೆ. ಕೊಟ್ಟಿಗೆ ತುಂಬಿದ್ದರೆ ಹುಲ್ಲುಗಾವಲಿದೆ. ಹುಲ್ಲುಗಾವಲಿದ್ದರೆ ಮನುಷ್ಯ ಮರ್ಯಾದಸ್ಥ. ಅದಕ್ಕೇ ತಿಪ್ಪೆಯ ಜಾಗ ಹಿತ್ತಲಲ್ಲ, ಬೀದಿಗೆ ಎದ್ದು ಕಾಣುವಂತೆ ಮುಂಬಾಗಿಲಿನ ಪಕ್ಕ. ಹೆಣ್ಣು ನೋಡಲು ಬಂದವರು ಮೊದಲು ನೋಡುತ್ತಿದ್ದದ್ದು ತಿಪ್ಪೆಯನ್ನು, ಹೆಣ್ಣನ್ನು ಆಮೇಲೆ. ಹೆಣ್ಣಿನ ವಿಷಯದಲ್ಲಿ ಮನೆಯವರು ಹತ್ತು ಸುಳ್ಳು ಹೇಳಬಹುದು, ತಿಪ್ಪೆಯ ವಿಷಯದಲ್ಲಿ ಹೇಳಲಾಗುವುದಿಲ್ಲ.

ಯೋರ್ಗನ ಅಪ್ಪನಿಗೆ ಇದ್ದದ್ದು ಒಂದು ಮೇಕೆ. ಮುತ್ತಾತನ ಜಮೀನನ್ನು ಮಕ್ಕಳು ಮೊಮ್ಮಕ್ಕಳು ಸಮಪಾಲು ಮಾಡಿ ಮಾಡಿ, ಅವನ ಪಾಲಿಗೆ ಬಂದ ಹೊಲದಲ್ಲಿ ಆ ಮೇಕೆ ಅಡ್ಡ ನಿಂತರೆ ಮೂತಿ ಒಬ್ಬ ದಾಯಾದಿಯ ಹೊಲದಲ್ಲಿ, ಬಾಲ ಇನ್ನೊಬ್ಬನದರಲ್ಲಿ. ಮೇಕೆ ಹಿಕ್ಕೆಯಿಂದ ತಿಪ್ಪೆ ಏಳುವುದುಂಟೇ? ಯೋರ್ಗ್ ಹೆದ್ದಾರಿಯಲ್ಲಿ ಸಾರೋಟುಗಳ ಹಿಂದೆ ಬುಟ್ಟಿ ಹಿಡಿದು ಓಡಿ, ಕುದುರೆ ಲದ್ದಿ ಆರಿಸಿ ತರುತ್ತಿದ್ದ. ಆದರೂ ಅವನ ಅಕ್ಕ ಕ್ರಿಸ್ಟೀನಳನ್ನು ನೋಡಲು ಬಂದ ದಿನ ಗಂಡಿನ ಅಪ್ಪ ಬಾಗಿಲಲ್ಲೇ ನಿಂತ. ಊರುಗೋಲನ್ನು ತಿಪ್ಪೆಗೆ ಚುಚ್ಚಿದ. ಅದು ಸಲೀಸಾಗಿ ಒಳಗೆ ಹೋಗಿ ನೆಲದ ಕಲ್ಲಿಗೆ ತಾಗಿ ಟಕ್ಕೆಂದಿತು.

"ಇದು ತಿಪ್ಪೆಯೋ, ಕೋಳಿ ಕೆದಕಿದ್ದೋ?" ಎಂದವನು, ಕೋಲು ಒರೆಸಿಕೊಂಡು, ಹೊಸ್ತಿಲು ತುಳಿಯದೆ ಹೊರಟುಹೋದ. ಕ್ರಿಸ್ಟೀನ ಒಳಗೆ ತಟ್ಟೆ ಹಿಡಿದು ನಿಂತೇ ಇದ್ದಳು. ಅವಳಿಗೆ ಕೊನೆಯವರೆಗೂ ಮದುವೆಯಾಗಲಿಲ್ಲ. ಆ ಟಕ್ಕೆಂಬ ಸದ್ದು ಯೋರ್ಗನ ಕಿವಿಯಲ್ಲಿ ಕೂತು, ಹಡಗು ಹತ್ತಿದಾಗ ಚಾರ್ಜು ಕೊಡದೆ ಅವನ ಜೊತೆಗೇ ಅಮೆರಿಕಕ್ಕೆ ಬಂತು.

ಮಿಶಿಗನ್ನಿನ ಕಾಡಿನಲ್ಲಿ ಎಲ್ಲರೂ ಪಟ್ಟ ಪಾಡನ್ನು ಅವನೂ ಪಟ್ಟ. ಮರ ಕಡಿದ, ಬೊಡ್ಡೆ ಸುಟ್ಟ, ದಿಮ್ಮಿ ಜೋಡಿಸಿ ಮನೆ ಕಟ್ಟಿದ, ಚಳಿಜ್ವರದಲ್ಲಿ ನಡುಗಿದ. ಮೊದಲ ಹಸು ಮನೆಗೆ ಬಂದಾಗ ಹೆಂಡತಿ ರೋಸೀನ ಕೆಚ್ಚಲು ನೋಡಿದಳು. ಯೋರ್ಗ್ ಬಾಲದ ಕೆಳಗೆ ನೋಡಿ, "ಒಳ್ಳೇ ಹಸು" ಎಂದ. ಆಮೇಲೆ ಒಂದೊಂದಾಗಿ ಹಸುಗಳು ಹೆಚ್ಚಿದವು, ಎತ್ತುಗಳು ಬಂದವು, ಮಗ ಕಾಸ್ಪರ್, ಮಗಳು ರಿಕೆಲೆ ಬೆಳೆದರು. ಎಲ್ಲಕ್ಕಿಂತ ಚೆನ್ನಾಗಿ ತಿಪ್ಪೆ ಬೆಳೆಯಿತು. ಮೂಲೆಗಳು ಗೋಡೆ ಕಟ್ಟಿದ ಹಾಗೆ ನೇರ. ಪ್ರತಿ ಶನಿವಾರ ಅಂಚಿನ ಹುಲ್ಲನ್ನು ಜಡೆ ಹೆಣೆದಂತೆ ಹೆಣೆದು ಒಳಕ್ಕೆ ಸಿಕ್ಕಿಸುವನು. ಚಳಿಗಾಲದ ಬೆಳಗ್ಗೆ ಅದರ ನೆತ್ತಿಯಿಂದ ಹಬೆ ಏಳುವುದನ್ನು ಕಿಟಕಿಯಿಂದ ನೋಡುತ್ತ ಕಾಫಿ ಕುಡಿಯುವನು.

"ಮಗಳ ಜಡೆ ಒಂದು ದಿನ ಹಾಕಿದೀಯ?" ಎನ್ನುವಳು ರೋಸೀನ. "ಆ ಸೆಗಣೀ ತಲೆ ಮಾತ್ರ ವಾರವಾರ ಬಾಚ್ತೀಯ."

"ಮಗಳಿಗೋಸ್ಕರಾನೇ ಕಣೇ ಬಾಚ್ತಿರೋದು."

ತೊಂದರೆಯೇನೆಂದರೆ, ಅಮೆರಿಕದಲ್ಲಿ ತಿಪ್ಪೆಯ ಬೆಲೆ ತಿಳಿದವರೇ ಇರಲಿಲ್ಲ. ಪಕ್ಕದ ಹೊಲದ ಹೋಬಾರ್ಟ್ ನ್ಯೂಯಾರ್ಕ್ ಕಡೆಯಿಂದ ಬಂದವನು, ಹಳೇ ಯಾಂಕಿ. ಅವನ ಕೊಟ್ಟಿಗೆಯ ಸೆಗಣಿ ಬಿದ್ದಲ್ಲೇ ಬಿದ್ದು ಬಾಗಿಲು ತೆರೆಯದಷ್ಟು ಏರಿತ್ತು.

"ನೇಗೆಲೆ, ಇದನ್ನ ಯಾಕಪ್ಪಾ ಸಾಕ್ತಾ ಇದೀಯ? ಹೊಳೆಗೆ ತಳ್ಳಬಾರದಾ?" ಎಂದು ಅವನೇ ಒಂದು ದಿನ ಯೋರ್ಗನಿಗೆ ಬುದ್ಧಿ ಹೇಳಿದ.

"ನಿಮ್ಮ ಕೊಟ್ಟಿಗೆ ಬಾಗಿಲೇ ಮುಚ್ಚಿಹೋಯ್ತಲ್ಲ ಹೋಬಾರ್ಟರೇ, ಅದಕ್ಕೇನು ಮಾಡ್ತೀರಿ?"

"ಅದೇನು ಮಹಾ, ಕೊಟ್ಟಿಗೇನೇ ಆಚೆಗೆ ಎಳೀತೀನಿ."

ಹಾಗೇ ಮಾಡಿದ ಕೂಡ. ಕೊಟ್ಟಿಗೆಯ ಕೆಳಗೆ ಉರುಳುದಿಮ್ಮಿ ಕೊಟ್ಟು, ಎತ್ತು ಹೂಡಿ, ಇಡೀ ಕಟ್ಟಡವನ್ನು ಸೆಗಣಿಯಿಂದ ದೂರ ಎಳೆದುಕೊಂಡು ಹೋದ. ಯೋರ್ಗ್ ಬೇಲಿಯಾಚೆ ನಿಂತು ನೋಡಿದ. ದೇವರು ಇಂಥವರಿಗೆ ಯಾಕೆ ಹಸು ಕೊಡುತ್ತಾನೋ ಎಂದುಕೊಂಡು ತನ್ನ ತಿಪ್ಪೆಯ ಮೂಲೆ ತಟ್ಟಲು ಹೋದ.

ಇತ್ತ ಅವನ ಗೋದಿ ವರ್ಷದಿಂದ ವರ್ಷಕ್ಕೆ ಸೊರಗುತ್ತಿತ್ತು. ಕಾರಣ ರೋಸೀನಳಿಗೂ ಗೊತ್ತು, ಅವನಿಗೂ ಗೊತ್ತು. ತಿಪ್ಪೆ ಎದೆಮಟ್ಟ ಆಗಬೇಕಾದರೆ ಹೊಲಕ್ಕೆ ಹಾಕುವಂತಿಲ್ಲ. ಹೊಲಕ್ಕೆ ಹಾಕಿದರೆ ತಿಪ್ಪೆ ಎದೆಮಟ್ಟ ಆಗುವುದಿಲ್ಲ.

"ಹಸಿದವನು ಹೊಲದಲ್ಲಿ ಬಿದ್ದಿದಾನೆ, ಊಟ ಬಾಗಿಲಲ್ಲಿ ಮೆರವಣಿಗೆಗೆ ಇಟ್ಟಿದೀಯ," ಎಂದಳು ರೋಸೀನ. "ತಿಪ್ಪೆ ಮೇಲೆ ಮಲಗಿ ಉಪ್ಪರಿಗೆ ಕನಸು ಕಾಣೋನನ್ನ ನೋಡಿದೀನಿ. ಉಪ್ಪರಿಗೇಲಿ ಮಲಗಿ ತಿಪ್ಪೆ ಕನಸು ಕಾಣೋನು ನೀನೊಬ್ಬನೇ."

"ರಿಕೆಲೆಗೆ ಗಂಡು ಬಂದು ನೋಡಿ ಹೋಗ್ಲಿ. ಮಾರನೇ ದಿನಾನೇ ಹೊಲಕ್ಕೆ ಹೊಡೀತೀನಿ."

ಗಂಡೂ ಬಂತು. ಚರ್ಚಿನಲ್ಲಿ ರಿಕೆಲೆಯನ್ನು ಕಂಡು ಮೆಚ್ಚಿದ ಹುಡುಗ ಡೇವಿಡ್. ಅವನ ಅಪ್ಪ ಮೆಲ್ಕಿಯೋರ್ ವೈಡ್ಲೆ. ಮೆಲ್ಕಿಯೋರ್ ಹುಟ್ಟಿದ್ದು ಯೋರ್ಗನ ಊರಿನಿಂದ ಎರಡೇ ಗುಡ್ಡ ಆಚೆ. ಇದನ್ನು ತಿಳಿದ ದಿನ ಯೋರ್ಗನಿಗೆ ಕಣ್ಣಲ್ಲಿ ನೀರು ಬಂತು. ಕೊನೆಗೂ ಒಬ್ಬ ತಿಳಿದವನು! ನವೆಂಬರಿನ ಒಂದು ಭಾನುವಾರ ಮನೆ ನೋಡಲು ಬರುತ್ತೇನೆಂದು ಮೆಲ್ಕಿಯೋರ್ ಹೇಳಿಕಳಿಸಿದ. ಯೋರ್ಗ್ ಒಂದು ವಾರ ಬೇರೆ ಕೆಲಸ ಮುಟ್ಟಲಿಲ್ಲ. ತಿಪ್ಪೆಯ ಪಕ್ಕ ನಿಂತು ಎದೆಗೆ ಕೈಯಿಟ್ಟು ಅಳೆದ. ಎದೆಮಟ್ಟವಲ್ಲ, ಗದ್ದದವರೆಗೆ ಬಂದಿತ್ತು.

ಆದರೆ ರೋಸೀನ ಚರ್ಚಿನಲ್ಲಿ ನೋಡಿದ್ದೇ ಬೇರೆ. "ಅವರದು ಬಣ್ಣ ಹೊಳೆಯೋ ಗಾಡಿ ಕಣೋ. ಅವರ ಹೆಂಡತಿ ತಲೆಗೆ ವಸ್ತ್ರ ಕಟ್ಟಲ್ಲ, ಹ್ಯಾಟು ಹಾಕ್ತಾಳೆ. ಅವರೆಲ್ಲ ಅಮೆರಿಕದವರಾಗಿ ಹೋಗಿದಾರೆ. ನಿನ್ನ ಗೋಪುರ ನೋಡಿ ಮೂಗು ಮುಚ್ಕೊಂಡು ವಾಪಸ್ ಹೋಗ್ತಾರೆ."

"ಗಾಡಿ ಅಮೆರಿಕದ್ದು. ಮೂಗು ನಮ್ಮೂರಿಂದು," ಎಂದ ಯೋರ್ಗ್.

ಮಾತು ಅಲ್ಲಿಗೆ ಮುಗಿಯಿತೆಂದು ಅವನು ತಿಳಿದ. ಮದುವೆಯಾಗಿ ಇಷ್ಟು ವರ್ಷವಾದ ಗಂಡಸು ಹಾಗೆ ತಿಳಿಯಬಾರದಿತ್ತು. ನೆಂಟರಿಗೆ ಶಾವಿಗೆ ಮಾಡಲು ಬಿಳಿ ಹಿಟ್ಟು ಬೇಕು ಎಂದು ರೋಸೀನ ಹೇಳಿದಳು; ಯೋರ್ಗ್ ಎತ್ತಿನಗಾಡಿ ಹೂಡಿ ಗುರುವಾರ ಗಿರಣಿಗೆ ಹೊರಟ. ಗಿರಣಿಯ ಚಕ್ರ ತಿರುಗಿಸುವ ಕೆರೆಯಲ್ಲಿ ನೀರು ಕಡಿಮೆ, ಮುಂದೆ ಗಾಡಿಗಳ ಸಾಲು. ಅವನ ಗೋದಿ ಬೀಸಿ ಆಗುವಾಗ ಶನಿವಾರ ಬೆಳಗಾಗಿತ್ತು.

ಸಂಜೆ ಮನೆಯ ತಿರುವಿಗೆ ಬಂದಾಗ ಮೊದಲು ತಿಳಿದದ್ದು ಮೂಗಿಗೆ. ಏನೋ ಇಲ್ಲ. ಕಣ್ಣು ಆಮೇಲೆ ನೋಡಿತು. ತಿಪ್ಪೆ ಇದ್ದ ಕಡೆ ಕಪ್ಪು ಚೌಕವೊಂದು, ಗುಡಿಸಿ ಮರಳು ಹರಡಿದ್ದು. ನಡುವೆ ಒಂದು ಬೆಂಚು.

"ರೋಸೀನಾ!"

ಅವಳು ಸೊಂಟಕ್ಕೆ ಕಟ್ಟಿದ ಅಡಿಗೆಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಕೂಗಬೇಡ. ಎಲ್ಲಾ ಗೋದಿ ಹೊಲಕ್ಕೆ ಹಾಕಿದೀವಿ. ಹೆಂಗಿದ್ರೂ ಹಾಕೋದೇ ತಾನೇ?"

"ಎತ್ತು ನನ್ನ ಹತ್ರ ಇದ್ವಲ್ಲ! ಹೆಂಗೆ ಹೊಡೆದ್ರಿ?"

"ಹೋಬಾರ್ಟರು ಅವರ ಎತ್ತು ಕೊಟ್ರು. ಪಾಪ, ಬಂದು ತಾವೇ ಎತ್ತಿ ಎತ್ತಿ ತುಂಬಿದ್ರು. ಇಷ್ಟು ವರ್ಷಕ್ಕೆ ನೇಗೆಲೆಗೆ ಬುದ್ಧಿ ಬಂತಲ್ಲ ಅಂತ ಎಷ್ಟು ಖುಷಿಪಟ್ರು ಗೊತ್ತಾ?"

ಯೋರ್ಗ್ ಬೆಂಚಿನ ಮೇಲೆ ಕುಸಿದ. ಕಾಸ್ಪರ್ ತನ್ನ ಹೆಣಭಾರದ ಬೂಟುಗಳನ್ನು ನೋಡುತ್ತ ನಿಂತಿದ್ದ. ಗೊಬ್ಬರ ಇನ್ನೂ ಅಂಟಿತ್ತು. ರಿಕೆಲೆ ಹತ್ತಿರ ಬಂದು, "ಅಪ್ಪಾ, ಡೇವಿಡ್ ನನ್ನನ್ನ ನೋಡಿ ಒಪ್ಪಿದಾನೆ. ತಿಪ್ಪೆ ನೋಡಿ ಅಲ್ಲ," ಎಂದಳು.

"ಡೇವಿಡ್ ಒಪ್ಪಿದಾನಮ್ಮ. ಕೋಲು ಹಿಡ್ಕೊಂಡು ಬರೋದು ಅವರಪ್ಪ," ಎಂದ ಯೋರ್ಗ್.

ಸಾಲದ್ದಕ್ಕೆ ಆ ರಾತ್ರಿ ಹಿಮ ಬಿತ್ತು. ಹೊಲ, ಗೊಬ್ಬರ, ಬೇಲಿ ಎಲ್ಲ ಒಂದೇ ಬಿಳುಪು.

ಭಾನುವಾರ ಹೊಳೆಯುವ ಗಾಡಿ ಬಂದು ನಿಂತಿತು. ಮೆಲ್ಕಿಯೋರ್ ವೈಡ್ಲೆ ಇಳಿದ. ಹ್ಯಾಟು ಅಮೆರಿಕದ್ದೇ. ಆದರೆ ಕೈಯಲ್ಲಿ ಊರುಗೋಲು! ಅವನು ಬಾಗಿಲಿನ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಬೆಂಚನ್ನು ನೋಡಿದ. ಯೋರ್ಗನಿಗೆ ಸಂಕಟದ ಜೊತೆ ಸಂತೋಷವೂ ಆಯಿತು. ಹುಡುಕುತ್ತಿದ್ದಾನೆ! ಮೂಗು ನಮ್ಮೂರಿನದೇ! ರೋಸೀನಳ ಕಡೆ ತಿರುಗಿ ನೋಡಿದ. ಅವಳು ಗಾಡಿಯ ಬಣ್ಣ ಹೊಗಳುತ್ತಿದ್ದಳು.

ಮೆಲ್ಕಿಯೋರ್ ಬೆಂಚಿನ ಪಕ್ಕ ಕೋಲು ಊರಿದ. ಹೆಪ್ಪುಗಟ್ಟಿದ ನೆಲ ಟಕ್ಕೆಂದಿತು.

"ಹೊಲದಲ್ಲಿದೆ!" ಎಂದು ಯೋರ್ಗ್ ಕಿರುಚಿದ.

"ಏನು?"

"ತಿಪ್ಪೆ! ನಿನ್ನೆ ಮೊನ್ನೆವರೆಗೂ ಇಲ್ಲೇ ಇತ್ತು. ಇಲ್ಲಿಂದ ಅಲ್ಲೀವರೆಗೆ. ಗದ್ದದವರೆಗೆ!"

"ಇರಬಹುದು, ಇರಬಹುದು," ಎಂದ ಮೆಲ್ಕಿಯೋರ್, ರೋಗಿಯ ಹತ್ತಿರ ಮಾತಾಡುವವನಂತೆ. "ನಮ್ಮೂರಲ್ಲೂ ಒಬ್ಬ ಇದ್ದ. ಅವನ ತಿಪ್ಪೆ ಯಾವಾಗಲೂ ಹೊಲದಲ್ಲೇ ಇರ್ತಿತ್ತು."

ಯೋರ್ಗ್ ಗೊಬ್ಬರ ಎತ್ತುವ ಕವೆಗೋಲನ್ನು ಕೈಗೆತ್ತಿಕೊಂಡು, "ಬನ್ನಿ, ತೋರಿಸ್ತೀನಿ" ಎಂದು ಹೊರಟೇಬಿಟ್ಟ. ಚರ್ಚಿನ ಬೂಟು ಹಾಕಿದ್ದ ಮೆಲ್ಕಿಯೋರ್ ಮೊಳಕಾಲುದ್ದದ ಹಿಮದಲ್ಲಿ ಹಿಂದೆ ಹಿಂದೆ ಎಡವುತ್ತ ಬಂದ. ಯೋರ್ಗ್ ಒಂದು ಕಡೆ ಹಿಮ ಕೆದಕಿದ. ಬೊಗಸೆಯಷ್ಟು ಸಿಕ್ಕಿತು. ಇನ್ನೊಂದು ಕಡೆ ಕೆದಕಿದ, ಅಷ್ಟೇ. ಹೋಬಾರ್ಟ್ ಮತ್ತು ಕಾಸ್ಪರ್ ಎಂಥ ಕೆಲಸಗಾರರು! ಬೆಣ್ಣೆ ಸವರಿದಂತೆ ತೆಳ್ಳಗೆ, ಸಮನಾಗಿ ಹರಡಿದ್ದರು. ಯೋರ್ಗ್ ಸಿಕ್ಕಿದ್ದನ್ನೆಲ್ಲ ತಂದು ಒಂದೆಡೆ ಒಟ್ಟತೊಡಗಿದ. ಬೆವರಿದ. ಕೋಟು ಬಿಚ್ಚಿದ.

"ಇಷ್ಟೇ ಅಲ್ಲ ವೈಡ್ಲೆಯವರೇ, ನೋಡ್ತಾ ಇರಿ. ಅಂಚಿಗೆ ಹೆಣಿಗೆ ಇತ್ತು. ಮೂಲೆ ನೋಡಿದ್ರೆ ಚರ್ಚು ಕಟ್ಟೋ ಗಾರೆಯವನು ನಾಚಿಕೋಬೇಕು!"

ಬಹಳ ಹೊತ್ತಿನ ಮೇಲೆ ಅವನೆದುರು ಇದ್ದದ್ದು ಮೊಳಕಾಲನ್ನೂ ಮುಟ್ಟದ, ಅರ್ಧ ಹಿಮ ಅರ್ಧ ಸೆಗಣಿಯ ಒಂದು ಗುಪ್ಪೆ. ಮೇಕೆಯ ತಿಪ್ಪೆ ನೆನಪಿಗೆ ಬಂತು. ಮೆಲ್ಕಿಯೋರ್ ಅದಕ್ಕೆ ಕೋಲು ಚುಚ್ಚಲಿಲ್ಲ. ದಾಕ್ಷಿಣ್ಯಕ್ಕೆ ಬೇರೆ ಕಡೆ ನೋಡಿದ. ಅಷ್ಟರಲ್ಲಿ ಕಾಸ್ಪರ್ ಬೇಲಿಯಿಂದ, "ಅಪ್ಪಾ, ಶಾವಿಗೆ ಅಂಟಾಗ್ತಿದೆಯಂತೆ, ಅಮ್ಮ ಕರೀತಿದಾಳೆ!" ಎಂದು ಕೂಗಿದ.

ಮೆಲ್ಕಿಯೋರ್ ಒದ್ದೆ ಕಾಲನ್ನು ಒಲೆಗೆ ಚಾಚಿಕೊಂಡು ಉಂಡ. ರಿಕೆಲೆ ಬಡಿಸಿದ ಬೇಳೆ, ಶಾವಿಗೆ, ಹುಳಿ ಕೋಸು, ಹೊಗೆಯಾಡಿಸಿದ ಹಂದಿಮಾಂಸ, ಮತ್ತೊಮ್ಮೆ ಶಾವಿಗೆ. ಯೋರ್ಗನಿಗೆ ಮಾತ್ರ ಕ್ರಿಸ್ಟೀನ ತಟ್ಟೆ ಹಿಡಿದು ನಿಂತದ್ದೇ ಕಣ್ಣ ಮುಂದೆ. ಊಟ ಮುಗಿಸಿ ಮೆಲ್ಕಿಯೋರ್ ಮೀಸೆ ಒರೆಸಿಕೊಂಡು ಎದ್ದು, ಯೋರ್ಗನ ಹೆಗಲ ಮೇಲೆ ಕೈಯಿಟ್ಟ.

"ಹುಡುಗಿ ಚಿನ್ನದಂಥವಳು. ಈಸ್ಟರ್ ಆದಮೇಲೆ ಮದುವೆ ಇಟ್ಕೊಳ್ಳೋಣ ಬೀಗರೇ."

ರೋಸೀನಳ ಕಣ್ಣಲ್ಲಿ ನೀರು. ರಿಕೆಲೆ ಒಳಗೆ ಓಡಿದಳು. ಯೋರ್ಗ್ ಮಾತ್ರ, "ಮತ್ತೆ ತಿಪ್ಪೆ?" ಎಂದ.

"ಬಿಡಿ ಬೀಗರೇ," ಎಂದ ಮೆಲ್ಕಿಯೋರ್, ದನಿ ತಗ್ಗಿಸಿ. "ಬಡತನ ಯಾರಿಗೆ ಇರಲ್ಲ? ತಿಪ್ಪೆ ಇಲ್ಲದ ಮನೆ ಅಂತ ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ."

ತಿರಸ್ಕಾರವನ್ನು ಯೋರ್ಗ್ ಸಹಿಸಬಲ್ಲವನಾಗಿದ್ದ, ಮನೆತನದ ಅಭ್ಯಾಸ. ಈ ಔದಾರ್ಯವನ್ನು ಹೇಗೆ ಸಹಿಸುವುದೆಂದು ಅವನಿಗೆ ತಿಳಿಯಲಿಲ್ಲ. ಜಗಳ ಆಡುವಂತಿಲ್ಲ, ಮಗಳು ಗೆದ್ದಿದ್ದಳು.

ಈಸ್ಟರ್ ಕಳೆದು ಬೀಗರ ಮನೆಯಂಗಳದಲ್ಲಿ ಮದುವೆಯೂ ಆಯಿತು. ಎಲ್ಲರೂ ಕುಣಿಯುವಾಗ ಯೋರ್ಗ್ ಮೆಲ್ಲಗೆ ಕೊಟ್ಟಿಗೆಯ ಕಡೆ ನಡೆದ. ಮೆಲ್ಕಿಯೋರ್ ವೈಡ್ಲೆಯ ತಿಪ್ಪೆ ಅಲ್ಲಿತ್ತು. ಹಿಂಭಾಗದಲ್ಲಿ. ಸೊಂಟಕ್ಕೂ ಬಾರದು, ಒಂದು ಪಕ್ಕ ಜರಿದು ಕೋಳಿಗಳ ಪಾಲಾಗಿತ್ತು. ಯೋರ್ಗ್ ಸುತ್ತ ನೋಡಿದ. ಕರೆದು ತೋರಿಸೋಣವೆಂದರೆ ಯಾರಿಗೆ? ಹೆಣ್ಣು ಕೊಟ್ಟವನು. ಬಾಯಿ ಮುಚ್ಚಿಕೊಂಡು ಹೋಗಿ ಕುಣಿಯುವವರಿಗೆ ಚಪ್ಪಾಳೆ ತಟ್ಟಿದ.

ಆ ಬೇಸಿಗೆ ನೇಗೆಲೆಯ ಗೋದಿ ಹೇಗೆ ಬೆಳೆಯಿತೆಂದರೆ, ಹೊಲದೊಳಗೆ ಹೋದ ಕಾಸ್ಪರನ ಹ್ಯಾಟು ಮಾತ್ರ ಕಾಣುತ್ತಿತ್ತು. ಕೊಯ್ಲಿಗೆ ಕೈಜೋಡಿಸಲು ಬೀಗರೂ ಬಂದರು. ಬೇಲಿಯಾಚೆಯಿಂದ ಹೋಬಾರ್ಟ್, "ನೋಡಿದ್ಯಾ ನೇಗೆಲೆ? ನಾನು ಹೇಳಿರ್ಲಿಲ್ವಾ?" ಎಂದು ಕೂಗಿದ. ಅವನು ಹೇಳಿದ್ದು ಹೊಳೆಗೆ ತಳ್ಳೆಂದು. ಮೆಲ್ಕಿಯೋರ್ ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ, ಊದಿ, ಕಾಳನ್ನು ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅಗಿದ.

"ಎಂಥಾ ಮಣ್ಣು ಸಿಕ್ಕಿದೆ ನಿಮಗೆ ಬೀಗರೇ! ಗೊಬ್ಬರದ ಹಂಗೇ ಇಲ್ಲದ ಮಣ್ಣು! ಅದೃಷ್ಟ ಅಂದ್ರೆ ಇದು."

ಯೋರ್ಗ್ ಬಾಯಿ ತೆರೆದ. ರೋಸೀನ ಸೇಬಿನ ಹುಳಿಮದ್ಯದ ಜಾಡಿಯನ್ನು ಅವನ ಕೈಗೆ ತುರುಕಿ, "ಮೊದಲು ಕುಡಿ" ಎಂದಳು. ಕುಡಿದ. ಆಮೇಲೆ ಕುಡುಗೋಲು ಅಲ್ಲೇ ಬೇಲಿಗೆ ಒರಗಿಸಿ, ಯಾರಿಗೂ ಹೇಳದೆ ಮನೆಗೆ ನಡೆದ. ಬೆಂಚನ್ನು ಎತ್ತಿ ಗೋಡೆಯ ಪಕ್ಕಕ್ಕೆ ಇಟ್ಟ. ಕೊಟ್ಟಿಗೆಯಿಂದ ಒಂದು ತಳ್ಳುಗಾಡಿ ಸೆಗಣಿ ತಂದು, ಮರಳಿನ ಚೌಕದ ನಟ್ಟನಡುವೆ ಸುರಿದು, ಕವೆಗೋಲಿನ ಬೆನ್ನಿಂದ ಮೂಲೆ ತಟ್ಟತೊಡಗಿದ.

ಜಾಡಿ ತುಂಬಿಸಲು ಬಂದ ರೋಸೀನ ಅಡಿಗೆಮನೆಯಿಂದ ನೋಡಿದಳು. ಕಿಟಕಿ ಮುಚ್ಚಿ, ಜಾಡಿ ತುಂಬಿಸಿಕೊಂಡಳು.