ಜಲಜಕ್ಕ ಬಿಸಿಲಿಗಿಟ್ಟ ಕಲ್ಲು

ಜಲಜಕ್ಕನಿಗೆ ಬಿಸಿಲಿನ ಮೇಲಿದ್ದಷ್ಟು ನಂಬಿಕೆ ಯಾವ ಡಾಕ್ಟರ ಮೇಲೂ ಇರಲಿಲ್ಲ. ಬಿಜೂರಿನ ಅವರ ಅಂಗಳದಲ್ಲಿ ದಿಂಬು, ಹಪ್ಪಳ, ಹುಣಸೆಹಣ್ಣು, ದೇವರ ಪಟ ಎಲ್ಲವೂ ಒಂದೇ ಚಾಪೆಯ ಮೇಲೆ ಒಣಗುತ್ತಿದ್ದವು. ಒಮ್ಮೆ ಬಾವಿಕಟ್ಟೆಯಲ್ಲಿ ನೀರಿಗೆ ಬಿದ್ದ ಮೊಬೈಲನ್ನು ಒಣಮೆಣಸಿನ ಜೊತೆ ಹರವಿದ್ದರು. ಮೊಬೈಲೇನೋ ಬದುಕಿತು, ಆದರೆ ಅದನ್ನು ಕಿವಿಗಿಟ್ಟವರೆಲ್ಲ ಸೀನಿದರು. ಪಕ್ಕದ ಮನೆಯವನಾದ ನನಗೆ ನೆಗಡಿಯಾದರೂ ಅದೇ ಮದ್ದು. "ಹ್ವಾಯ್ ಮಾಷ್ಟ್ರೇ, ಹೊರ್ಗ್ ಬಂದ್ ಬಿಸ್ಲಿಗ್ ಕೂಕಣಿ. ಬಿಸ್ಲ್ ತಾಗ್ದೆ ಯಾವ್ದೂ ಚೊಕ್ಕ ಆತಿಲ್ಲೆ."

ಅವರ ಮನೆಯ ಹಿಂದೆ ಹಕ್ಕಲು, ಅಂದರೆ ಹುಲ್ಲು ಬೆಳೆಯುವ ಕೆಂಪುಕಲ್ಲಿನ ಬಯಲು. ಅಲ್ಲಿ ಶಿಲೆಕಲ್ಲಿನ ಎರಡು ಚಪ್ಪಡಿಗಳು ಮಲಗಿದ್ದವು. ಹಕ್ಕಲು ಜಲಜಕ್ಕನಿಗೂ ಅವರ ಮೈದುನ ಶೇಖರಣ್ಣನಿಗೂ ಜಂಟಿ. ಶೇಖರಣ್ಣನಿಗೆ ಅಲ್ಲಿ ಕೋರೆ ಮಾಡಿ ಕಲ್ಲು ಕಡಿದು ಮಾರುವ ಆಸೆ. ಜಲಜಕ್ಕನ ಪ್ರಕಾರ ಅದು ಪಾಂಡವರ ಮನೆ, ಯಾರೋ ಹಿಂದಿನವರನ್ನು ಮಣ್ಣು ಮಾಡಿದ ಜಾಗ, ಅಲ್ಲಿಗೆ ಯಂತ್ರ ಇಳಿಸಕೂಡದು. ಪಾಂಡವರು ಬಿಜೂರಿಗೆ ಬಂದದ್ದು ಯಾವಾಗ ಎಂದು ನಾನು ಕೇಳಿದರೆ, "ಆಗ ನೀವ್ ಹುಟ್ಲಿಲ್ಲೆ" ಎಂದರು. ನಾನೋ ಶಾಲೆಯಲ್ಲಿ ಇತಿಹಾಸ ಪಾಠ ಮಾಡುವವನು.

"ನಮ್ಮಪ್ಪಯ್ಯ ಬಟ್ಟಿ ಒಗುಕೆ ತಂದ್ ಹಾಕಿದ್ ಕಲ್ಲ್ ಅದ್" ಎಂದು ಶೇಖರಣ್ಣನ ವಾದ. ಆದರೂ ಒಂದು ಮಾತು ಕೊಟ್ಟರು: ತಿಳಿದವರು ಬಂದು ಹಳೆಯದೆಂದು ಹೇಳಿದರೆ ಕೋರೆ ಕೈಬಿಡುತ್ತೇನೆ.

ಅಲ್ಲಿ ಇಲ್ಲಿ ವಿಚಾರಿಸಿ, ಕಲ್ಲಿನ ಕಾಲ ಅಳೆಯುವ ಸಂಶೋಧಕಿಯೊಬ್ಬರನ್ನು ಹಿಡಿದೆ. ಬೇಸಿಗೆಯ ಕೊನೆಗೆ ಅವರು ಬಂದರು. ಕೈಯಲ್ಲಿ ಕಪ್ಪು ಟಾರ್ಪಾಲು, ಕೆಂಪು ಬೆಳಕಿನ ಟಾರ್ಚು. ಹಕ್ಕಲಿಗೆ ಕಾಲಿಟ್ಟವರೇ ನಿಂತುಬಿಟ್ಟರು. ಮೊದಲ ಚಪ್ಪಡಿ ಅಂಗಾತ ಬಿದ್ದು ಲಕಲಕ ಹೊಳೆಯುತ್ತಿತ್ತು.

"ಇದನ್ನು ಮಗುಚಿದ್ದು ಯಾರು?"

"ನಾನೇ ಮಾರಾಯ್ತಿ!" ಜಲಜಕ್ಕ ಸೆರಗು ಸರಿಮಾಡಿಕೊಂಡರು. "ಕಾಯಿ ಕೊಯ್ಯುವರ್ ಹತ್ರ ಹಾರೆ ಹಾಕ್ಸಿ ಎಬ್ಸಿದೆ. ಅಡಿಗೆಲ್ಲ ಕೆಸ್ರ್, ಗೆದ್ಲ್. ಬಪ್ಪವ್ರ್ ಎಂತ ತಿಳ್ಕಂತ್ರ್? ತೆಂಗಿನ್ ನಾರಲ್ ತಿಕ್ಕಿ, ವಾರ ಇಡೀ ಬಿಸ್ಲಿಗ್ ಒಣ್ಸಿದೆ."

ಸಂಶೋಧಕಿ ಅಲ್ಲೇ ಕುಳಿತು ವಿವರಿಸಿದರು. ಮಣ್ಣಿನಡಿಯ ಕತ್ತಲಲ್ಲಿ ಕಲ್ಲಿನ ಮೈ ಸುತ್ತಲಿನ ಸಹಜ ವಿಕಿರಣದಿಂದ ಚೂರುಚೂರೇ ಶಕ್ತಿ ಕೂಡಿಡುತ್ತದೆ. ಪ್ರಯೋಗಾಲಯದಲ್ಲಿ ಕೆಣಕಿದರೆ ಅದು ಸಣ್ಣ ಬೆಳಕಾಗಿ ಹೊರಬರುತ್ತದೆ. ಆ ಬೆಳಕನ್ನು ಅಳೆದರೆ ಕಲ್ಲು ಎಷ್ಟು ಕಾಲದಿಂದ ಮುಚ್ಚಿಕೊಂಡಿತ್ತು ಎಂದು ತಿಳಿಯುತ್ತದೆ. ಬಿಸಿಲು ತಾಗಿತೋ, ಕೂಡಿಟ್ಟದ್ದೆಲ್ಲ ಖಾಲಿ.

ಜಲಜಕ್ಕ ಮಗುಚಿದ ಚಪ್ಪಡಿಯನ್ನು ಮುಟ್ಟಿ ನೋಡಿದರು. "ಅಬ್ಯಾ! ನಾನ್ ಮಗ್ಚಿದ್ದಕ್ಕೆ ಅದ್ರ ಪ್ರಾಯ ಹೋಯ್ತಾ? ಅಲ್ಲ, ಕಲ್ಲ್ ಅದೇ ಕಲ್ಲ್ ಅಲ್ದಾ?"

ಕಲ್ಲಿನ ಪ್ರಾಯ ಬೇರೆ, ಕಲ್ಲನ್ನು ಇಟ್ಟ ಕಾಲ ಬೇರೆ ಎಂದು ನಾನು ಬಿಡಿಸಿ ಹೇಳಲು ಹೋಗಿ, ನಡುವೆ ನನಗೇ ದಾರಿ ತಪ್ಪಿತು. ಇಂದಿಗೂ ಮಕ್ಕಳಿಗೆ ಅದನ್ನು ಹೇಳಹೊರಟರೆ ತಡವರಿಸುತ್ತೇನೆ. ಎರಡನೆಯ ಚಪ್ಪಡಿ ಮಾತ್ರ ಅಲುಗಿರಲಿಲ್ಲ. ಅದರ ಬುಡ ಆಳಕ್ಕಿತ್ತು, ನಿಧಾನವಾಗಿ ಅಗೆಯಬೇಕಿತ್ತು. ಅಷ್ಟರಲ್ಲಿ ಗುಡುಗಿ ಮಳೆ ಸುರಿಯಿತು. ಮಳೆಗಾಲ ಕಳೆದ ಮೇಲೆ ಬರುವುದೆಂದಾಯಿತು. ಶೇಖರಣ್ಣನೂ ಅಲ್ಲಿಯವರೆಗೆ ಕಾಯಲು ಒಪ್ಪಿದರು.

ಆಮೇಲಿನ ಜಲಜಕ್ಕ ನನಗೆ ಅರ್ಥವೇ ಆಗಲಿಲ್ಲ. ಎಲ್ಲವನ್ನೂ ಬಿಸಿಲಿಗೆಳೆಯುತ್ತಿದ್ದವರು ಈಗ ಕಲ್ಲಿಗೆ ಬಿಸಿಲು ಬೀಳದಂತೆ ಕಾವಲು ನಿಂತರು. ಬುಡಕ್ಕೆ ಮಣ್ಣು ಹಾಕಿದರು, ತೆಂಗಿನ ಗರಿಯ ಮಡ್ಲು ಹೊದಿಸಿದರು, ದನ ಓಡಿಸಿದರು. ಒಂದು ಬೆಳಿಗ್ಗೆ ಬೇಲಿಯ ಆಚೆಯಿಂದ ಕೂಗಿ ಕೇಳಿದರು: "ಮಾಷ್ಟ್ರೇ, ನಿನ್ನಿ ಮಿಂಚಿನ್ ಬೆಳ್ಕ್ ಅಡಿಗ್ ಹೋಯ್ತಾ?" ಶೇಖರಣ್ಣನಿಗೆ ತಮಾಷೆ. "ಅತ್ಗಿ ಕಲ್ಲಿಗ್ ಬಿಸ್ಲ್ ತಾಗ್ಸಿ ಪ್ರಾಯ ಕಳ್ದ್ರ್. ನಮ್ಗೂ ಹಾಂಗೆ ಕಳುಕಾತಿದ್ರೆ!" ಜಲಜಕ್ಕ ನಗಲಿಲ್ಲ. ತನ್ನ ಕೈಯಾರೆ ಸಾಕ್ಷಿ ಅಳಿಸಿದೆನೆಂಬ ಕೊರಗು ಅವರನ್ನು ತಿನ್ನುತ್ತಿತ್ತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಕೊನೆಯ ಸಲ ಕಂಡಾಗ ಅವರು ಜ್ವರದಲ್ಲಿ ಮಲಗಿದ್ದರು. ಹೊರಗೆ ಆಷಾಢದ ಮಳೆ ಹೊಡೆಯುತ್ತಿತ್ತು. "ಹಾಕಿದ್ ಮಣ್ಣ್ ಕೊಚ್ಚಿ ಹೋಯ್ಲಿಲ್ಲೆ ಅಲ್ದಾ? ಒಂಚೂರ್ ಕಂಡ್ಕ ಬನ್ನಿ" ಎಂದರು. ಕೊಡೆ ಹಿಡಿದು ಹೋಗಿ ನೋಡಿದೆ. ಮಣ್ಣು ಹಾಗೆಯೇ ಇತ್ತು. ಬಂದು ಹೇಳುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಆ ಜ್ವರ ಇಳಿಯಲಿಲ್ಲ, ಜಲಜಕ್ಕ ಏಳಲಿಲ್ಲ.

ಮಳೆ ಕಳೆದ ಮೇಲೆ ಸಂಶೋಧಕಿ ಬಂದು, ಟಾರ್ಪಾಲಿನ ಕತ್ತಲಲ್ಲಿ ನುಸುಳಿ, ಬುಡದ ಕಲ್ಲಿನ ತುಂಡು ತೆಗೆದುಕೊಂಡು ಹೋದರು. ಬಹಳ ತಿಂಗಳ ನಂತರ ಫೋನು ಬಂತು. ಆ ಚಪ್ಪಡಿ ಮಣ್ಣು ಸೇರಿ ಎರಡು ಸಾವಿರ ವರ್ಷಕ್ಕೂ ಮೇಲಾಗಿದೆ, ಕೆಲವು ನೂರು ವರ್ಷ ಹೆಚ್ಚುಕಡಿಮೆ ಎಂದರು. ನೂರಾರು ವರ್ಷ ಹೆಚ್ಚುಕಡಿಮೆಯಾದರೆ ಅದೆಂಥ ಲೆಕ್ಕವೋ ನನಗೆ ತಿಳಿಯಲಿಲ್ಲ. ಬಟ್ಟೆ ಒಗೆಯುವ ಕಲ್ಲಲ್ಲ ಎಂಬುದಂತೂ ತಿಳಿಯಿತು.

ಹೋಗಿ ಶೇಖರಣ್ಣನಿಗೆ ಹೇಳಿದೆ. "ಕೋರೆ ಬ್ಯಾಡ ಬಿಡಿ" ಎಂದರು. ಆಮೇಲೆ ತಟ್ಟನೆ ಎದ್ದು, ಜಲಜಕ್ಕನ ಮನೆಯತ್ತ ದಡಬಡ ನಡೆದು, "ಅತ್ಗೀ, ಹ್ವಾಯ್ ಅತ್ಗೀ" ಎಂದು ಕೂಗಿ, ಚಾಪೆ ಹಾಸದ ಬರಿಯ ಅಂಗಳದ ನಡುವೆ ನಿಂತುಬಿಟ್ಟರು.